ದುಡ್ಡು, ಪ್ರಭಾವ ಎರಡೂ ಇದ್ದ ಆರ್ವೆಲ್ ಟಿಬಿಯಿಂದ ಉಳಿಯಲಿಲ್ಲ ಏಕೆ?

ದುಡ್ಡಿದ್ದವರಿಗೆ ಟಿಬಿ ಏನೂ ಮಾಡದು ಎಂದು ನಂಬುವವರು ಇನ್ನೂ ಇದ್ದಾರೆ. ಅಂಥವರಿಗೆ ನಾವು ಜಾರ್ಜ್ ಆರ್ವೆಲ್ ಕಥೆ ಹೇಳುತ್ತೇವೆ.

1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಈ ಇಂಗ್ಲಿಷ್ ಲೇಖಕ ‘ಅನಿಮಲ್ ಫಾರ್ಮ್’ ಬರೆದು ಹೆಸರಾದರು. 1947ರ ಕೊನೆಯಲ್ಲಿ ಟಿಬಿಯಿಂದ ಸ್ಕಾಟ್ಲೆಂಡಿನ ಆಸ್ಪತ್ರೆ ಸೇರಿದರು. ಹೊಸ ಔಷಧಿ ಸ್ಟ್ರೆಪ್ಟೊಮೈಸಿನ್ ಅಮೆರಿಕದಿಂದ ಬರಬೇಕಿತ್ತು. ಯುದ್ಧದಿಂದ ಬಳಲಿದ್ದ ಬ್ರಿಟನ್ನಿಗೆ ಡಾಲರ್ ಕೊರತೆ; ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದದ್ದೇ 1948ರ ಜುಲೈನಲ್ಲಿ. ಆರ್ವೆಲ್‌ಗೆ ಮಾತ್ರ ಪ್ರಭಾವಿ ಗೆಳೆಯ ಡೇವಿಡ್ ಆಸ್ಟರ್ ಅದಕ್ಕೂ ಮೊದಲೇ ಔಷಧಿ ತರಿಸಿಕೊಟ್ಟರು.

ಚರ್ಮ ಸುಲಿಯಿತು, ಬಾಯಿ ಹುಣ್ಣಾಯಿತು, ಕೂದಲು ಉದುರಿತು. ಸುಮಾರು 50 ದಿನಕ್ಕೇ ಔಷಧಿ ನಿಲ್ಲಿಸಬೇಕಾಯಿತು. (ಕೆಮ್ಮು ಕಮ್ಮಿಯಾಯಿತೆಂದು ನಿಲ್ಲಿಸಿದ್ದಲ್ಲ, ಗಮನಿಸಿ.) ಉಳಿದದ್ದು ಬೇರೆ ರೋಗಿಗಳ ಪಾಲಾಯಿತು. 1950ರ ಜನವರಿ 21ರಂದು, 46ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಇನ್ನೊಂದು ತೊಡಕೂ ಇತ್ತು. 1948ರ ಬ್ರಿಟಿಷ್ ಪ್ರಯೋಗದಲ್ಲಿ ಈ ಔಷಧಿಯೊಂದನ್ನೇ ಪಡೆದ ಹಲವರ ರೋಗಾಣು ಕೆಲವೇ ತಿಂಗಳಲ್ಲಿ ಅದಕ್ಕೆ ಬಗ್ಗದಂತಾಗಿತ್ತು. ಅದಕ್ಕೇ ಇಂದು ಟಿಬಿಗೆ ಹಲವು ಔಷಧಿ ಒಟ್ಟಿಗೆ ಕೊಡುತ್ತಾರೆ. ಒಂದಕ್ಕೆ ಬಗ್ಗದ ಟಿಬಿಗೂ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ.