ಅಪುವನ್ನು ಟೋಕಿಯೊಗೆ ಕರೆತಂದ ಮೇಡಂ ಕವಾಕಿತಾ

ಸತ್ಯಜಿತ್ ರಾಯ್ ಅವರ ಅಪು ಕಲ್ಕತ್ತೆಯಲ್ಲಿ ಬೆಳೆದು ದೊಡ್ಡವನಾಗೋಕೆ ನಾಲ್ಕು ವರ್ಷ ಸಾಕಾಯ್ತು. 1955ರಲ್ಲಿ ಪಥೇರ್ ಪಾಂಚಾಲಿ, 1956ರಲ್ಲಿ ಅಪರಾಜಿತೋ, 1959ರಲ್ಲಿ ಅಪುರ್ ಸಂಸಾರ್. ಅದೇ ಅಪು ಟೋಕಿಯೊದಲ್ಲಿ ಮೊದಲ ಸಲ ತೆರೆ ಕಂಡಿದ್ದು 1966ರಲ್ಲಿ. ಎರಡನೆಯದು ಬಂದಾಗ 1970. ಮೂರನೆಯದಕ್ಕೆ 1974ರ ತನಕ ಕಾಯಬೇಕಾಯ್ತು. ಪ್ಯಾರಿಸ್ಸು, ಲಂಡನ್ನು, ನ್ಯೂಯಾರ್ಕು ಎಲ್ಲ ನೋಡಿ ಮೆಚ್ಚಿದ ಮೇಲೂ ಏಷ್ಯಾದ ಒಂದು ಸಿನಿಮಾ ಏಷ್ಯಾದ ಇನ್ನೊಂದು ದೇಶ ತಲುಪೋಕೆ ಇಷ್ಟು ಕಾಲ ಹಿಡೀತು. ಆ ದಾರಿಯನ್ನು ಪಟ್ಟು ಹಿಡಿದು ತೆರೆಸಿದ ಹೆಂಗಸಿನ ಹೆಸರು ಕಾಶಿಕೊ ಕವಾಕಿತಾ. ಜಗತ್ತಿನ ಚಿತ್ರೋತ್ಸವಗಳಲ್ಲಿ ಕಿಮೋನೊ ಉಟ್ಟು ಓಡಾಡುತ್ತಿದ್ದ ಈಕೆಯನ್ನು ಎಲ್ಲರೂ ಮೇಡಂ ಕವಾಕಿತಾ ಅಂತಲೇ ಕರೀತಿದ್ರು.

ನಾನು ಈಕೆಯ ಬಗ್ಗೆ ಓದಲು ಶುರುಮಾಡಿದ್ದು ತೀರಾ ಸಣ್ಣ ಕಾರಣಕ್ಕೆ. ನಮ್ಮ ಫಿಲ್ಮ್ ಸೊಸೈಟಿಗೆ ವರ್ಷದ ಶುಲ್ಕ ಕಟ್ಟುವಾಗೆಲ್ಲ, ಓಟಿಟಿ ಇರುವಾಗ ಇದೆಲ್ಲ ಯಾಕೆ ಅಂತ ಗೆಳೆಯರು ಕಾಡಿಸ್ತಾರೆ. ಸದಸ್ಯರಿಗೆ ಟಿಕೆಟ್ ಮೇಲೆ ಒಂದಿಷ್ಟು ರಿಯಾಯಿತಿ ಸಿಗತ್ತೆ ಅನ್ನೋದು ಉತ್ತರವೇ ಅಲ್ಲ ಅಂತ ನನಗೂ ಅನಿಸ್ತಿತ್ತು. ಕವಾಕಿತಾ ಬದುಕನ್ನು ನೋಡಿದ ಮೇಲೆ ಆ ರಿಯಾಯಿತಿಯಲ್ಲೂ ಒಂದು ರಾಜಕೀಯ ಇದೆ ಅನ್ನಿಸಿದೆ.

ಹುಟ್ಟಿದ್ದು 1908ರಲ್ಲಿ, ಒಸಾಕಾದಲ್ಲಿ. ಓದಿದ್ದು ಯೊಕೊಹಾಮಾದ ಮಿಷನ್ ಶಾಲೆಯಲ್ಲಿ. ಇಂಗ್ಲಿಷ್ ಚೆನ್ನಾಗಿ ಬರ್ತಿತ್ತು. 1929ರ ಜನವರಿಯಲ್ಲಿ ತೋವಾ ಅನ್ನೋ ಹೊಸ ಸಿನಿಮಾ ಆಮದು ಕಂಪನಿಯಲ್ಲಿ ಸೆಕ್ರೆಟರಿ ಕೆಲಸಕ್ಕೆ ಸೇರಿದರು. ಅದೇ ವರ್ಷ ಕಂಪನಿಯ ಮಾಲೀಕ ನಾಗಮಾಸಾ ಕವಾಕಿತಾರನ್ನು ಮದುವೆಯಾದರು. 1932ರಲ್ಲಿ ಇಬ್ಬರೂ ಯುರೋಪಿಗೆ ಹೋದಾಗ ಕಾಶಿಕೊ ಒಂದು ಜರ್ಮನ್ ಚಿತ್ರ ಆರಿಸಿಕೊಂಡರು. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮಿಲಿಟರಿ ಶಿಸ್ತಿನ ಕತೆ ಅದು, ನಿರ್ದೇಶಕಿಯೂ ಹೆಂಗಸೇ, ತೆರೆ ಮೇಲೆ ಒಬ್ಬ ಗಂಡಸೂ ಇಲ್ಲ. ಮೆಡ್ಶೆನ್ ಇನ್ ಯುನಿಫಾರ್ಮ್ ಅನ್ನೋ ಆ ಚಿತ್ರ 1933ರಲ್ಲಿ ಜಪಾನಿನಲ್ಲಿ ದೊಡ್ಡ ಯಶಸ್ಸು ಕಂಡಿತು. ಇಪ್ಪತ್ತೈದು ತುಂಬುವ ಹೊತ್ತಿಗೆ ಆಕೆಯ ಕಣ್ಣಿಗೆ ಬೆಲೆ ಬಂದಿತ್ತು.

ಮುಂದಿನ ಭಾಗವನ್ನು ಆಕೆಯ ಅಭಿಮಾನಿಗಳು ಬೇಗ ದಾಟಿಬಿಡ್ತಾರೆ. ನಾವು ದಾಟಬಾರದು. 1937ರಲ್ಲಿ ಕವಾಕಿತಾ ದಂಪತಿ ನಾಜಿ ಜರ್ಮನಿಯ ನಿರ್ದೇಶಕ ಆರ್ನಾಲ್ಡ್ ಫಾಂಕ್ ಜೊತೆ ಸೇರಿ ಜಂಟಿ ಚಿತ್ರವೊಂದನ್ನು ತಂದರು. ಹದಿಹರೆಯದ ಸೆತ್ಸುಕೊ ಹಾರಾ ನಾಯಕಿ. ಜಪಾನ್ ಕಬಳಿಸಿದ್ದ ಮಂಚೂರಿಯಾದ ನೆಲವನ್ನು ಜಪಾನಿ ರೈತರ ಹೊಸ ಭೂಮಿಯಾಗಿ ತೋರಿಸುವ ಚಿತ್ರ ಅದು. 1939ರಲ್ಲಿ ಜಪಾನ್ ಸೇನೆಯ ಹಿಡಿತದಲ್ಲಿದ್ದ ಶಾಂಘೈಯಲ್ಲಿ ನಾಗಮಾಸಾ ಸಿನಿಮಾ ಕಂಪನಿಯೊಂದರ ಹೊಣೆ ಹೊತ್ತರು. ಪೀಕಿಂಗಿನಲ್ಲಿ ಓದಿದ್ದ ಅವರಿಗೆ ಚೀನೀ ಭಾಷೆ ಬರ್ತಿತ್ತು, ಚೀನೀ ನಿರ್ದೇಶಕರಿಗೆ ಕೆಲಸ ಮಾಡಲು ಒಂದಿಷ್ಟು ಜಾಗವನ್ನೂ ಬಿಟ್ಟುಕೊಟ್ಟರು. ಅದು ರಕ್ಷಣೆಯೋ, ಆಕ್ರಮಣಕ್ಕೆ ಹಚ್ಚಿದ ಸುಣ್ಣಬಣ್ಣವೋ ಅನ್ನೋ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಎರಡೂ ಹೌದು. ಬಂದೂಕಿನ ನೆರಳಲ್ಲಿ ನಡೆಯೋ ಸಾಂಸ್ಕೃತಿಕ ವಿನಿಮಯದಲ್ಲಿ ಒಳ್ಳೆಯ ಮನಸ್ಸಿದ್ದರೂ ಯಜಮಾನ ಯಾರು ಅನ್ನೋದು ಬದಲಾಗಲ್ಲ. ಯುದ್ಧ ಮುಗಿದ ಮೇಲೆ ಸಾರ್ವಜನಿಕ ಹುದ್ದೆಗಳಿಂದ ದೂರ ಇಡಬೇಕಾದವರ ಪಟ್ಟಿಗೆ ನಾಗಮಾಸಾ ಸೇರಿದರು. 1950ರಲ್ಲಷ್ಟೇ ಹೊರಬಂದರು.

ಕಾಶಿಕೊ ಸ್ವಂತ ಕೆಲಸ ಶುರುವಾಗೋದು ಇಲ್ಲಿಂದ ಅಂತ ನಾನು ಓದಿಕೊಳ್ತೇನೆ. 1951ರಲ್ಲಿ ವೆನಿಸ್ಸಿನಲ್ಲಿ ರಾಶೊಮೊನ್ ಗೆದ್ದ ಮೇಲೆ ಯುರೋಪಿಗೆ ಜಪಾನಿ ಚಿತ್ರಗಳ ಹಸಿವು ಹತ್ತಿತ್ತು. ಐವತ್ತರ ದಶಕದ ನಡುವೆ ಆಕೆ ಯುರೋಪಿನಲ್ಲಿದ್ದಾಗ ಪ್ಯಾರಿಸ್, ಲಂಡನ್ನಿನ ಚಿತ್ರ ಸಂಗ್ರಹಾಲಯಗಳನ್ನು ನೋಡಿದರು. ಅವರ ಹತ್ತಿರ ಹಳೇ ಚಿತ್ರಗಳ ಪ್ರಿಂಟುಗಳಿದ್ದವು. ಜಪಾನಿನ ಹತ್ತಿರ ಕಳಿಸೋಕೆ ಅಂತ ಕೂಡಿಟ್ಟಿದ್ದು ಹೆಚ್ಚೇನೂ ಇರಲಿಲ್ಲ. 1957ರಲ್ಲಿ ಮೊದಲ ಲಂಡನ್ ಚಿತ್ರೋತ್ಸವ ಕುರೊಸಾವಾ ಅವರ ಥ್ರೋನ್ ಆಫ್ ಬ್ಲಡ್ ಚಿತ್ರದಿಂದ ಶುರುವಾಯ್ತು. ಊರಿಗೆ ಮರಳಿದ ಕಾಶಿಕೊ 1960ರಲ್ಲಿ ಜಪಾನ್ ಫಿಲ್ಮ್ ಲೈಬ್ರರಿ ಕೌನ್ಸಿಲ್ ಕಟ್ಟಿದರು. ನೀವು ಎಲ್ಲಾದರೂ ಓಜು ಅಥವಾ ಮಿಜೊಗುಚಿ ಚಿತ್ರಗಳ ಹಳೇ ಸರಣಿ ನೋಡಿದ್ದರೆ ಅದರ ಹಿಂದೆ ಈ ಕೌನ್ಸಿಲ್ಲಿನ ಪ್ರಿಂಟು ಇದ್ದಿರಬಹುದು.

ಹೊರಗೆ ಕಳಿಸೋದು ಸುಲಭವಾಗಿತ್ತು. ಒಳಗೆ ತರೋದೇ ಕಷ್ಟ. 1964ರ ತನಕ ಜಪಾನಿನಲ್ಲಿ ವಿದೇಶಿ ಚಿತ್ರಗಳ ಆಮದಿಗೆ ಕೋಟಾ ಇತ್ತು. ಕೈಯಲ್ಲಿರೋ ನಾಲ್ಕು ಅವಕಾಶಗಳಲ್ಲಿ ಒಂದನ್ನು ಬಂಗಾಳದ ಬಡ ಹುಡುಗನ ಕತೆಗೆ ಕೊಡೋಕೆ ಯಾವ ವ್ಯಾಪಾರಿಗೆ ಮನಸ್ಸು ಬರತ್ತೆ? ಕೋಟಾ ಹೋದ ಮೇಲೂ ಥಿಯೇಟರುಗಳ ಲೆಕ್ಕಾಚಾರ ಬದಲಾಗಲಿಲ್ಲ. ಹಾಗಾಗಿ ಥಿಯೇಟರನ್ನೇ ಬದಲಿಸಬೇಕಾಯ್ತು. ಕವಾಕಿತಾ ಮತ್ತು ಗೆಳೆಯರು 1961ರ ಕೊನೆಯಲ್ಲಿ ಆರ್ಟ್ ಥಿಯೇಟರ್ ಗಿಲ್ಡ್ ಶುರುಮಾಡಿದರು. ಸುಮಾರು ಹತ್ತು ಥಿಯೇಟರುಗಳು ಸೇರಿದವು. ಜನ ಬರಲಿ ಬಿಡಲಿ, ಒಂದು ಚಿತ್ರ ಕನಿಷ್ಠ ಒಂದು ತಿಂಗಳು ಓಡಬೇಕು ಅನ್ನೋದು ನಿಯಮ. ಶುಕ್ರವಾರ ಬಿಡುಗಡೆಯಾಗಿ ಸೋಮವಾರ ಎತ್ತಂಗಡಿಯಾಗೋ ಕನ್ನಡ ಚಿತ್ರಗಳನ್ನು ನೋಡಿರೋ ನಮಗೆ ಇದರ ಬೆಲೆ ಗೊತ್ತು. ಪಥೇರ್ ಪಾಂಚಾಲಿ ಟೋಕಿಯೊ ತಲುಪಿದ್ದು ಈ ಗಿಲ್ಡ್ ಮೂಲಕ.

ಅಪುರ್ ಸಂಸಾರ್‌ಗೆ ಮಾತ್ರ ಜಾಗ ಸಿಗಲಿಲ್ಲ. ಟೋಕಿಯೊದ ಪುಸ್ತಕದಂಗಡಿಗಳ ಬೀದಿ ಜಿಂಬೊಚೊದಲ್ಲಿ ಇವಾನಾಮಿ ಹಾಲ್ ಅಂತ ಸುಮಾರು 200 ಸೀಟಿನ ಸಭಾಂಗಣ ಇತ್ತು. ನೋಡಿಕೊಳ್ಳುತ್ತಿದ್ದವರು ಎತ್ಸುಕೊ ತಕಾನೊ. ಹಿರಿಯಾಕೆಯ ಪೇಚಾಟ ಕೇಳಿ ಹಾಲ್ ಕೊಡ್ತೀನಿ ಅಂದರು. 1974ರ ಫೆಬ್ರುವರಿಯಲ್ಲಿ ಅಪುವಿನ ಮೂರನೇ ಭಾಗದಿಂದ ಎಕಿಪ್ ದ ಸಿನಿಮಾ ಶುರುವಾಯ್ತು. ಸಿನಿಮಾ ಗೆಳೆಯರ ಬಳಗ ಅಂತ ಅರ್ಥ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಚಿತ್ರಗಳನ್ನು ತರೋದು, ಕತ್ತರಿ ಬಿದ್ದ ಚಿತ್ರಗಳನ್ನು ಪೂರ್ತಿ ತೋರಿಸೋದು ಅದರ ಗುರಿ. ಶುಲ್ಕ ಕಟ್ಟಿ ಸದಸ್ಯರಾದವರಿಗೆ ಟಿಕೆಟ್ ಕಡಿಮೆ ಬೆಲೆಗೆ.

ಈ ಕಡಿಮೆ ಬೆಲೆಯನ್ನು ಅಂಗಡಿ ಆಫರ್ ಅಂತ ನೋಡಿದರೆ ವಿಷಯ ಕೈತಪ್ಪತ್ತೆ. ಮುಂದೆ ಯಾವ ಚಿತ್ರ ಬರತ್ತೋ ಗೊತ್ತಿಲ್ಲದೆ ದುಡ್ಡು ಕೊಟ್ಟವರು ಅದರ ನಷ್ಟದಲ್ಲಿ ಒಂದು ಚೂರು ತಮ್ಮ ಮೇಲೆ ಹಾಕ್ಕೊಂಡಿರ್ತಾರೆ. ಶಾಂಘೈಯಲ್ಲಿ ಆ ಭಾರ ಹೊತ್ತಿದ್ದು ಸೇನೆ, ಹಾಗಾಗಿ ಮಾತೂ ಸೇನೆಯದ್ದೇ. ಜಿಂಬೊಚೊದಲ್ಲಿ ಭಾರ ಹೊತ್ತವರು ಪ್ರೇಕ್ಷಕರು. ಹಾಗಾಗಿಯೇ ಅಲ್ಲಿ ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಬಂದರು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಸಾಮಾನ್ಯರು ಪಟ್ಟ ಪಾಡನ್ನು ಹೇಳೋ ಚೀನಾದ ಹಿಬಿಸ್ಕಸ್ ಟೌನ್ 1988ರಲ್ಲಿ ಬಂತು, ಜನ ಕಿಕ್ಕಿರಿದರು. ಜಪಾನ್ ಸೇನೆಯ ನೆರಳಿಲ್ಲದೆ ಬಂದ ಚೀನೀ ಸಿನಿಮಾ.

ಮಗಳು ಕಾಜುಕೊ ಕೂಡ ಇದೇ ದಾರಿ ಹಿಡಿದು ಗಂಡನ ಜೊತೆ ಚಿತ್ರ ಹಂಚಿಕೆ ಕಂಪನಿ ನಡೆಸಿದರು. ತೈವಾನಿನ ಹೌ ಶಿಯಾವೊ ಶಿಯೆನ್ ಅವರ ಎ ಸಿಟಿ ಆಫ್ ಸ್ಯಾಡ್‌ನೆಸ್ ಜಪಾನಿಗೆ ಬಂದಿದ್ದು ಅವರಿಂದ. 1993ರ ಜೂನ್‌ನಲ್ಲಿ ಕಾಜುಕೊ ತೀರಿಕೊಂಡರು. ಎರಡು ತಿಂಗಳೂ ಕಳೆಯಲಿಲ್ಲ, ಜುಲೈ 27ರಂದು ತಾಯಿಯೂ ಹೋದರು.

60ಕ್ಕೂ ಹೆಚ್ಚು ದೇಶಗಳ ಚಿತ್ರ ತೋರಿಸಿದ ಇವಾನಾಮಿ ಹಾಲ್, ಕೊರೊನಾ ಹೊಡೆತ ತಾಳಲಾರದೆ 2022ರ ಜುಲೈ 29ರಂದು ಬಾಗಿಲು ಹಾಕಿತು. ಸದಸ್ಯರ ಪ್ರೀತಿಯೊಂದರಿಂದಲೇ ಬಾಡಿಗೆ, ಸಂಬಳ ಎಲ್ಲ ಸಾಗಲ್ಲ, ಅದೂ ನಿಜ. ಕಾಮಾಕುರಾದಲ್ಲಿ ಕವಾಕಿತಾ ದಂಪತಿಯ ಮನೆಯಿದ್ದ ಜಾಗದಲ್ಲಿ 2010ರಿಂದ ಸಿನಿಮಾ ಮ್ಯೂಸಿಯಂ ಇದೆ. ಅಲ್ಲೊಂದು ಪುಟ್ಟ ಪರದೆ ಇದೆ, ಈಗಲೂ ಹಳೇ ಚಿತ್ರ ಹಾಕ್ತಾರೆ. ಟಿಕೆಟ್ ತಗೊಂಡು ಒಳಗೆ ಹೋಗಬೇಕು.