ಅನ್ನದ ಋಣ ಮತ್ತು ದಿನಕರ ದೇಸಾಯಿ

ನವೆಂಬರ್ ತಿಂಗಳು ಮೃತರ ಸ್ಮರಣೆಗೆ ಮೀಸಲಾದುದು. ಅಗಲಿದ ನಮ್ಮವರಿಗಾಗಿ ಪ್ರಾರ್ಥಿಸುವಾಗ, ನಮ್ಮ ಧರ್ಮಸಭೆಗೆ ಸೇರದಿದ್ದರೂ ಈ ನಾಡಿನ ಬಡವರಿಗಾಗಿ ಬಾಳಿದ ಹಿರಿಯರನ್ನೂ ನೆನೆಯುವುದು ಯುಕ್ತ. 1982ರ ನವೆಂಬರಿನಲ್ಲಿ ನಿಧನರಾದ ದಿನಕರ ದೇಸಾಯಿಯವರು ಅಂಥವರಲ್ಲೊಬ್ಬರು.

1909ರಲ್ಲಿ ಅಂಕೋಲಾ ಸೀಮೆಯಲ್ಲಿ ಜನಿಸಿದ ಅವರನ್ನು ಕನ್ನಡಿಗರು ಚುಟುಕು ಕವಿಯೆಂದು ಬಲ್ಲರು. ಉನ್ನತ ವ್ಯಾಸಂಗ ಮುಗಿಸಿದ ಮೇಲೆ ಅವರು ಸುಖದ ಉದ್ಯೋಗವನ್ನು ಅರಸಲಿಲ್ಲ. ಗೋಖಲೆಯವರು 1905ರಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಸೇರಿ, ಮುಂಬಯಿಯಲ್ಲಿ ಹಡಗು ಕಾರ್ಮಿಕರ ಹಿತಕ್ಕಾಗಿ ದುಡಿದರು.

ಆ ಕಾಲದಲ್ಲಿ ಉತ್ತರ ಕನ್ನಡದ ಗೇಣಿದಾರನು ಬೆಳೆದ ಬತ್ತದ ದೊಡ್ಡ ಪಾಲು ಭೂಮಾಲೀಕನ ಕಣಜವನ್ನು ಸೇರುತ್ತಿತ್ತು. ಊರಿಗೆ ಅನ್ನವಿತ್ತವನ ಮನೆಯಲ್ಲಿ ಗಂಜಿಗೂ ಕೊರತೆ. ದೇಸಾಯಿಯವರು ಹಾಲಕ್ಕಿ ಒಕ್ಕಲಿಗರೇ ಮೊದಲಾದ ರೈತರನ್ನು ಸಂಘಟಿಸಿ, ಗೇಣಿ ಇಳಿಯಬೇಕೆಂದು ಹೋರಾಡಿದರು. 1940ರಲ್ಲಿ ಸರಕಾರವು ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಐದು ವರ್ಷ ಹುಟ್ಟಿದ ಮಣ್ಣನ್ನು ಮೆಟ್ಟಲಾಗದಿದ್ದರೂ ಅವರು ಹಿಡಿದ ಹಾದಿಯನ್ನು ಬಿಡಲಿಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಬಡವರ ಮಕ್ಕಳಿಗೆ ಶಾಲೆಗಳನ್ನು ತೆರೆದರು. 1967ರಲ್ಲಿ ಲೋಕಸಭೆಗೆ ಆಯ್ಕೆಯಾದರು. ಉಳುವವನಿಗೆ ಭೂಮಿಯ ಒಡೆತನ ನೀಡಿದ 1974ರ ಭೂಸುಧಾರಣೆಯನ್ನು ಕಣ್ಣಾರೆ ಕಂಡರು.

ಗಮನಿಸಿರಿ: ಅವರು ರೈತನಿಗಾಗಿ ದಾನ ಬೇಡಲಿಲ್ಲ, ಸಲ್ಲಬೇಕಾದುದನ್ನು ಕೇಳಿದರು. ಜಗದ್ಗುರು 13ನೆಯ ಲಿಯೋ ಅವರು 1891ರ ತಮ್ಮ ವಿಶ್ವಪತ್ರದಲ್ಲಿ ಇದನ್ನೇ ಬೋಧಿಸಿದ್ದರು: ಅನಿವಾರ್ಯತೆಗೆ ಸಿಲುಕಿ ಕಡಿಮೆ ಕೂಲಿಗೆ ಒಪ್ಪಿದವನ ಒಪ್ಪಿಗೆಯು ಆ ಕೂಲಿಯನ್ನು ನ್ಯಾಯವಾಗಿಸದು. ಕೂಲಿಗೆ ಸಲ್ಲುವ ಈ ಮಾತು ಬೆಲೆಗೂ ಸಲ್ಲುತ್ತದೆ.

1988ರಲ್ಲಿ ಹಾಲೆಂಡಿನ ಅಂಗಡಿಗಳಿಗೆ ನ್ಯಾಯಸಮ್ಮತ ವ್ಯಾಪಾರದ ಮುದ್ರೆಯುಳ್ಳ ಕಾಫಿ ಬಂತು. ಮೆಕ್ಸಿಕೋದ ಬಡ ಬೆಳೆಗಾರರ ನಡುವೆ ದುಡಿಯುತ್ತಿದ್ದ ಡಚ್ ಗುರು ಫ್ರಾನ್ಸ್ ವಾನ್ ಡೆರ್ ಹಾಫ್ ಅವರು ಅದರ ಪ್ರವರ್ತಕರಲ್ಲೊಬ್ಬರು. ಬೆಳೆದವನ ಮುಖ ಕಾಣದ ದೂರದ ಗ್ರಾಹಕರಿಗೆ ಅಂಥ ಮುದ್ರೆ ಬೇಕು. ಅಂಕೋಲಾ, ಕಾರವಾರಗಳ ನಮಗಾದರೋ ಬೆಳೆದವಳು ಎದುರಿಗೇ ಕುಳಿತಿದ್ದಾಳೆ. ತಾನೇ ಬೆಳೆದ ಬಸಳೆ, ಹರಿವೆಗಳನ್ನು ಬುಟ್ಟಿಯಲ್ಲಿ ಹೊತ್ತು ತಂದ ಹಾಲಕ್ಕಿ ತಾಯಿ, ಹೊತ್ತು ಮುಳುಗುವ ಮುನ್ನ ಮನೆ ಸೇರಬೇಕೆಂಬ ಆತುರದಲ್ಲಿ ನಾವು ಹೇಳಿದ ಬೆಲೆಗೆ ಒಪ್ಪಬಹುದು. ಆ ಒಪ್ಪಿಗೆ ನಮ್ಮ ಮನಸ್ಸಾಕ್ಷಿಗೆ ಸಾಕೇ?

ಬಲಿಪೂಜೆಯಲ್ಲಿ ನಾವು ಅರ್ಪಿಸುವ ರೊಟ್ಟಿಯೂ ಯಾರದೋ ದುಡಿಮೆಯ ಫಲ. ಆಕೆಯೊಡನೆ ಚೌಕಾಸಿ ಮಾಡಿ ಉಳಿಸಿದ ಹತ್ತು ರೂಪಾಯಿಯನ್ನು ಕಾಣಿಕೆ ಡಬ್ಬಿಗೆ ಹಾಕಿದರೆ ಅದು ನಮ್ಮ ಕಾಣಿಕೆಯಾಗದು, ಆಕೆಯದಾಗುತ್ತದೆ. ಮೊದಲು ಸಲ್ಲಬೇಕಾದ ಬೆಲೆಯನ್ನು ಸಲ್ಲಿಸೋಣ, ದಾನಧರ್ಮ ಆಮೇಲಿನದು.