ವೈಮಾನಿಕೆ ಏಮಿ ಜಾನ್ಸನ್

ಸಾಹಸಿಗಳ ಚರಿತ್ರೆಯನ್ನು ಓದುವಾಗ ನಮ್ಮ ಕಣ್ಣು ಸಹಜವಾಗಿ ಅವರ ಕೀರ್ತಿಯ ದಿನದ ಮೇಲೆ ನಿಲ್ಲುತ್ತದೆ. ಅದಕ್ಕೆ ಮೊದಲು ಅವರು ಯಾವ ಬಾಗಿಲನ್ನು ತಟ್ಟಿದರು, ಯಾರ ಬಳಿ ಕಲಿತರು, ಕಲಿಕೆಯ ವೆಚ್ಚವನ್ನು ಹೇಗೆ ಹೊಂದಿಸಿಕೊಂಡರು ಎಂಬ ಸಂಗತಿಗಳು ಹಿಂದಕ್ಕೆ ಸರಿದುಬಿಡುತ್ತವೆ. ವಿದ್ಯಾರ್ಥಿಗಳಿಗಾದರೋ ಈ ಹಿಂದಿನ ಸಂಗತಿಗಳೇ ಹೆಚ್ಚು ಪ್ರಯೋಜನಕರವಾದುವು. 1930ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಏಕಾಂಗಿಯಾಗಿ ವಿಮಾನ ನಡೆಸಿ ಜಗತ್ತನ್ನು ಬೆರಗುಗೊಳಿಸಿದ ಏಮಿ ಜಾನ್ಸನ್ ಎಂಬ ಮಹಿಳೆಯ ಜೀವನವನ್ನು ಈ ದೃಷ್ಟಿಯಿಂದಲೇ ಇಲ್ಲಿ ನಿರೂಪಿಸಬಯಸುತ್ತೇವೆ.

ಏಮಿ ಹುಟ್ಟಿದ್ದು 1903ರ ಜುಲೈ 1ರಂದು, ಇಂಗ್ಲೆಂಡಿನ ಪೂರ್ವ ತೀರದ ಹಲ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಮೀನಿನ ವರ್ತಕರು. ನಾಲ್ವರು ಹೆಣ್ಣುಮಕ್ಕಳಲ್ಲಿ ಏಮಿಯೇ ಹಿರಿಯಳು. ಊರಿನ ಶಾಲೆಯಲ್ಲಿ ಓದಿ, ಶೆಫೀಲ್ಡ್ ವಿಶ್ವವಿದ್ಯಾಲಯವನ್ನು ಸೇರಿ, 1925ರಲ್ಲಿ ಪದವೀಧರೆಯಾದಳು. ಆ ಕಾಲದಲ್ಲಿ ಪದವಿ ಪಡೆದ ಹೆಣ್ಣುಮಗಳ ಮುಂದೆ ತೆರೆದಿದ್ದ ದಾರಿಗಳು ಬಹಳ ಕಡಮೆ. ಕೆಲಕಾಲ ಅಲ್ಲಿ ಇಲ್ಲಿ ದುಡಿದು, ಕಡೆಗೆ ಲಂಡನ್ನಿಗೆ ಬಂದು, ಒಬ್ಬ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯ ಕೆಲಸಕ್ಕೆ ಸೇರಿದಳು. ದಿನವಿಡೀ ಪತ್ರಗಳನ್ನು ಬರೆದುಕೊಂಡು ಟೈಪು ಮಾಡುವ ಕೆಲಸ. ಸಂಜೆಗೆ ಬಾಡಿಗೆಯ ಕೋಣೆ. ಊರನ್ನು ಬಿಟ್ಟು ಮಹಾನಗರಕ್ಕೆ ದುಡಿಯಲು ಬಂದವರ ಬಾಳು ಎಂತಹುದೆಂಬುದನ್ನು ನಮ್ಮ ಮುಂಬಯಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿಮಾನದ ಮೊದಲ ಪರಿಚಯವು ಅವಳಿಗೆ 1926ರಲ್ಲಿ ಹಲ್ ಪಟ್ಟಣದಲ್ಲಿಯೇ ಆಗಿತ್ತು. ಜಾತ್ರೆಗೆ ತೊಟ್ಟಿಲು ಬರುವಂತೆ ಆಗ ಊರೂರಿಗೆ ವಿಮಾನ ತಂದು, ಹಣ ಪಡೆದು ಜನರನ್ನು ಒಂದು ಸುತ್ತು ಹಾರಿಸುವ ಪದ್ಧತಿಯಿತ್ತು. ಏಮಿ ಐದು ಷಿಲಿಂಗು ತೆತ್ತು ಕುಳಿತು ಇಳಿದಳು. ಆ ಕೆಲವು ನಿಮಿಷಗಳಿಂದ ಅವಳ ಮನಸ್ಸು ಅಷ್ಟಾಗಿ ಕಲಕಲಿಲ್ಲ. ಮನಸ್ಸು ಕಲಕಿದ್ದು ಎರಡು ವರ್ಷಗಳ ಮೇಲೆ. 1928ರ ವಸಂತದಲ್ಲಿ ಒಂದು ರಜಾದಿನ, ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ಲಂಡನ್ನಿನ ಉತ್ತರ ಭಾಗಕ್ಕೆ ಹೋದಾಗ, ಸ್ಟ್ಯಾಗ್ ಲೇನ್ ಎಂಬಲ್ಲಿಯ ಬಯಲಿನಿಂದ ಸಣ್ಣ ವಿಮಾನಗಳು ಏರುತ್ತಿಳಿಯುತ್ತಿದ್ದುದನ್ನು ಕಂಡಳು. ಹಾರಿಸುತ್ತಿದ್ದವರು ಸೈನಿಕರಾಗಿರಲಿಲ್ಲ, ಸಾಮಾನ್ಯ ನಾಗರಿಕರೇ ಅಲ್ಲಿ ಕಲಿಯುತ್ತಿದ್ದರು. ತಾನೂ ಏಕೆ ಕಲಿಯಬಾರದು ಎಂಬ ಆಲೋಚನೆ ಅಂದು ಹುಟ್ಟಿತು.

ಇಲ್ಲಿ ಆ ಬಯಲಿನ ವಿಚಾರವಾಗಿ ಕೆಲವು ಮಾತು ಹೇಳುವುದು ಅವಶ್ಯ. ಸ್ಟ್ಯಾಗ್ ಲೇನ್ ಆಗ ಡಿ ಹ್ಯಾವಿಲಂಡ್ ಕಂಪನಿಯ ನೆಲೆ. ಆ ಕಂಪನಿಯು 1925ರಲ್ಲಿ ಮಾತ್ ಎಂಬ ಪುಟ್ಟ ವಿಮಾನವನ್ನು ನಿರ್ಮಿಸಿತು. ಎರಡೇ ಆಸನ, ಬಟ್ಟೆ ಹೊದಿಸಿದ ಮರದ ರೆಕ್ಕೆಗಳು, ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿ ಒಂದು ಕೊಟ್ಟಿಗೆಯಲ್ಲಿ ನಿಲ್ಲಿಸಬಹುದಾದ ಅನುಕೂಲ. ಅದೇ ವರ್ಷ ಬ್ರಿಟಿಷ್ ಸರ್ಕಾರದ ವಿಮಾನ ಖಾತೆಯು, ಜನಸಾಮಾನ್ಯರಲ್ಲಿ ಹಾರಾಟದ ಅಭ್ಯಾಸ ಬೆಳೆಯಲೆಂದು, ಸ್ಥಳೀಯ ಹಾರಾಟದ ಕ್ಲಬ್ಬುಗಳಿಗೆ ಸಹಾಯಧನವನ್ನು ಕೊಡತೊಡಗಿತು. ಹೀಗೆ ಸ್ಥಾಪಿತವಾದ ಮೊದಲ ಕ್ಲಬ್ಬುಗಳಲ್ಲಿ ಸ್ಟ್ಯಾಗ್ ಲೇನಿನ ಲಂಡನ್ ಏರೋಪ್ಲೇನ್ ಕ್ಲಬ್ ಒಂದು. ಇದೇ ಮಾದರಿಯ ಕ್ಲಬ್ಬುಗಳು ಬೇಗನೆ ನಮ್ಮ ದೇಶದಲ್ಲಿಯೂ ತಲೆಯೆತ್ತಿದುವು. ನಮ್ಮ ಮುಂಬಯಿಯ ಜುಹೂವಿನಲ್ಲಿ ಆರಂಭವಾದ ಹಾರಾಟದ ಕ್ಲಬ್ಬಿನಲ್ಲಿ ಕಲಿತೇ ಜೆ. ಆರ್. ಡಿ. ಟಾಟಾ ಅವರು 1929ರ ಫೆಬ್ರವರಿ 10ರಂದು ಭಾರತದಲ್ಲಿ ನೀಡಿದ ಮೊದಲ ಪೈಲಟ್ ಲೈಸೆನ್ಸನ್ನು ಪಡೆದರು.

ಏಮಿ ಕಲಿಯಬೇಕೆಂದು ನಿಶ್ಚಯಿಸಿದಾಗ ಅದೇ ಬಯಲಿನಲ್ಲಿ ಎರಡು ಬಾಗಿಲುಗಳಿದ್ದುವು. ಒಂದು, ವಿಮಾನ ಕಂಪನಿಯವರೇ ನಡೆಸುತ್ತಿದ್ದ ಶಾಲೆ. ಅದಕ್ಕೆ ಹೆಸರಿತ್ತು, ಆದರೆ ಅಲ್ಲಿಯ ಗಂಟೆಯ ಶುಲ್ಕವು ಕಚೇರಿಯ ಸಂಬಳದಲ್ಲಿ ಬದುಕುವವಳ ಕೈಗೆ ಎಟುಕುವಂತಿರಲಿಲ್ಲ. ಇನ್ನೊಂದು, ಕ್ಲಬ್ಬು. ಪ್ರವೇಶಧನ, ವರ್ಷದ ಚಂದಾ, ಆ ಬಳಿಕ ಗಂಟೆಯ ಪಾಠಕ್ಕೆ ಒಂದೆರಡು ಪೌಂಡು. ಸರ್ಕಾರದ ಸಹಾಯಧನವಿದ್ದುದರಿಂದಲೇ ದರವು ಇಷ್ಟಕ್ಕೆ ಇಳಿದಿತ್ತು. ಇದೂ ಅವಳಿಗೆ ಸುಲಭವೇನೂ ಆಗಿರಲಿಲ್ಲ. ಆದರೂ ಬೇರೆ ಖರ್ಚುಗಳನ್ನು ಹಿಡಿತದಲ್ಲಿಟ್ಟರೆ ವಾರಕ್ಕೊಮ್ಮೆಯಾದರೂ ಹಾರಬಹುದೆಂಬ ಲೆಕ್ಕ ಹಾಕಿ, ಅವಳು ಕ್ಲಬ್ಬನ್ನೇ ಆರಿಸಿಕೊಂಡಳು.

1928ರ ಸೆಪ್ಟೆಂಬರ್ 15ರಂದು ಮೊದಲ ಪಾಠ ನಡೆಯಿತು. ಅದು ಶುಭಾರಂಭವೇನೂ ಆಗಲಿಲ್ಲ. ತಲೆಗೆ ತೊಟ್ಟ ಶಿರಸ್ತ್ರಾಣ ಅಳತೆಗೆ ದೊಡ್ಡದಾಗಿ, ಶಿಕ್ಷಕರ ಮಾತು ಕೊಳವೆಯಲ್ಲಿ ಸರಿಯಾಗಿ ಕೇಳಿಸದೆ, ಹೇಳಿದ್ದೊಂದು ಮಾಡಿದ್ದೊಂದು ಆಯಿತು. ಈ ಹುಡುಗಿಗೆ ಹಾರಾಟ ಒಲಿಯದೆಂದು ಶಿಕ್ಷಕರು ಅಂದೇ ತೀರ್ಮಾನಿಸಿದರಂತೆ. ಏಮಿ ಮಾತ್ರ ಮುಂದಿನ ಪಾಠಕ್ಕೆ ತಪ್ಪದೆ ಬಂದಳು. ಚಳಿಗಾಲದ ಮಂಜಿನಲ್ಲಿ ಎಷ್ಟೋ ಪಾಠಗಳು ನಿಂತುಹೋದುವು. ಅನೇಕರು ಎಂಟು, ಹತ್ತು, ಹನ್ನೆರಡು ಗಂಟೆಗಳ ಪಾಠದಲ್ಲಿ ಒಂಟಿಯಾಗಿ ಹಾರಲು ಅರ್ಹರಾಗುತ್ತಿದ್ದರೆ, ಏಮಿಗೆ ಹೆಚ್ಚುಕಡಮೆ ಹದಿನಾರು ಗಂಟೆಗಳು ಬೇಕಾದುವು. 1929ರ ಜೂನ್ 9ರಂದು ಅವಳು ಮೊದಲ ಬಾರಿಗೆ ಒಂಟಿಯಾಗಿ ಹಾರಿ ನೆಲಕ್ಕಿಳಿದಳು. ಜುಲೈಯಲ್ಲಿ ಪೈಲಟ್ ಲೈಸೆನ್ಸು ಕೈಸೇರಿತು. ತರಗತಿಯಲ್ಲಿ ನಿಧಾನವಾಗಿ ಕಲಿಯುವ ಮಕ್ಕಳೂ ಅವರ ಗುರುಗಳೂ ಈ ಲೆಕ್ಕವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆದರೆ ಕ್ಲಬ್ಬಿನಿಂದ ಅವಳಿಗೆ ದೊರೆತ ಬಹುದೊಡ್ಡ ಲಾಭವು ಆಕಾಶದಲ್ಲಿ ಸಿಕ್ಕಿದ್ದಲ್ಲ, ಹ್ಯಾಂಗರಿನೊಳಗೆ ಸಿಕ್ಕಿದ್ದು. ವಿಮಾನಗಳನ್ನು ದುರಸ್ತಿ ಮಾಡುವ ಆ ಕೊಟ್ಟಿಗೆಯ ಮುಖ್ಯ ಇಂಜಿನಿಯರು ಜ್ಯಾಕ್ ಹಂಫ್ರೀಸ್ ಎಂಬವರು. ಹೆಂಗಸರು ಕಾಲಿಡುವ ಸ್ಥಳವೇ ಅದಾಗಿರಲಿಲ್ಲ. ಏಮಿ ಪಟ್ಟುಹಿಡಿದು ಅವರ ಅನುಮತಿ ಪಡೆದಳು. ಬೆಳಗ್ಗೆ ಕಚೇರಿಗೆ ಮೊದಲು ಬಂದು, ಮೆಕ್ಯಾನಿಕ್ಕರ ಮೇಲಂಗಿ ತೊಟ್ಟು, ಇಂಜಿನು ಬಿಚ್ಚುವುದು, ತೊಳೆಯುವುದು, ಮರಳಿ ಜೋಡಿಸುವುದು, ರೆಕ್ಕೆಯ ಬಟ್ಟೆ ಹೊಲಿಯುವುದು ಇವೆಲ್ಲವನ್ನೂ ಕೈಯಾರೆ ಕಲಿತಳು. ಅಲ್ಲಿಯವರು ಅವಳನ್ನು ಜಾನ್ನಿ ಎಂದು ಗಂಡು ಹೆಸರಿನಿಂದ ಕರೆದು ತಮ್ಮಲ್ಲೊಬ್ಬಳೆಂದು ಒಪ್ಪಿಕೊಂಡರು. ಮುಂದೆ ತಂದೆಯ ನೆರವು ದೊರೆತಾಗ ಕಚೇರಿಯ ಕೆಲಸವನ್ನು ಬಿಟ್ಟು ಇಡೀ ದಿನವನ್ನು ಹ್ಯಾಂಗರಿನಲ್ಲಿಯೇ ಕಳೆದಳು. 1929ರ ಕೊನೆಗೆ ವಿಮಾನಗಳ ಭೂ ಇಂಜಿನಿಯರ್ ಲೈಸೆನ್ಸನ್ನು ಪಡೆದ ಮೊದಲ ಬ್ರಿಟಿಷ್ ಮಹಿಳೆಯಾದಳು.

ಆಗ ಅವಳ ಮನಸ್ಸು ಆಸ್ಟ್ರೇಲಿಯದ ಕಡೆಗೆ ತಿರುಗಿತು. 1928ರಲ್ಲಿ ಬರ್ಟ್ ಹಿಂಕ್ಲರ್ ಎಂಬ ವೈಮಾನಿಕನು ಆ ದಾರಿಯನ್ನು ಹದಿನೈದೂವರೆ ದಿನಗಳಲ್ಲಿ ಒಂಟಿಯಾಗಿ ಕ್ರಮಿಸಿದ್ದನು, ಮಹಿಳೆಯರಾರೂ ಕ್ರಮಿಸಿರಲಿಲ್ಲ. ನೂರು ಗಂಟೆಗಳ ಹಾರಾಟವೂ ತುಂಬದ ಹುಡುಗಿಗೆ ಹಣ ಕೊಡುವವರು ಯಾರು? ಪತ್ರದ ಮೇಲೆ ಪತ್ರ ಬರೆದಳು. ಕಡೆಗೆ ನಾಗರಿಕ ವಿಮಾನ ಶಾಖೆಯ ನಿರ್ದೇಶಕ ಸರ್ ಸೆಫ್ಟನ್ ಬ್ರ್ಯಾಂಕರ್ ಅವರ ಮಧ್ಯಸ್ಥಿಕೆಯಿಂದ, ಎಣ್ಣೆಯ ವ್ಯಾಪಾರದ ಶ್ರೀಮಂತರಾದ ಲಾರ್ಡ್ ವೇಕ್‌ಫೀಲ್ಡರು ನೆರವಾಗಲು ಒಪ್ಪಿದರು, ತಂದೆಯೂ ಕೈಜೋಡಿಸಿದರು. ಸುಮಾರು 600 ಪೌಂಡಿಗೆ, ಬಳಸಿದ ಒಂದು ಜಿಪ್ಸಿ ಮಾತ್ ವಿಮಾನ ಕೊಳ್ಳಲಾಯಿತು. ತಂದೆಯ ಮೀನಿನ ವ್ಯಾಪಾರದ ಗುರುತಿನ ಹೆಸರಾದ ಜೇಸನ್ ಎಂಬುದನ್ನೇ ಅದಕ್ಕಿಟ್ಟರು. ತಂದೆಯ ಹಣ, ಶ್ರೀಮಂತರ ಉದಾರತೆ ಇವು ಇಲ್ಲದಿದ್ದರೆ ಈ ಯಾತ್ರೆ ನಡೆಯುತ್ತಿರಲಿಲ್ಲವೆಂಬುದನ್ನು ನಾವು ಮರೆಮಾಚಬಾರದು. ಆದರೆ ಆ ಹಣವು ಬಂದುದು, ಕಡಮೆ ಶುಲ್ಕದ ಬಾಗಿಲಿನಿಂದ ಒಳಹೊಕ್ಕು, ತಾನು ಕಲಿಯಬಲ್ಲೆನೆಂದು ಅವಳು ತೋರಿಸಿಕೊಟ್ಟ ಮೇಲೆ.

1930ರ ಮೇ 5ರಂದು ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಏಮಿ ಹೊರಟಳು. ಬೀಳ್ಕೊಡಲು ಬಂದವರು ತಂದೆ ಮತ್ತು ಕೆಲವೇ ಮಂದಿ ಗೆಳೆಯರು. ಹೆಚ್ಚಿನ ಪೆಟ್ರೋಲು ತೊಟ್ಟಿಗಳು, ಬಿಡಿಭಾಗಗಳು, ವಿಮಾನದ ಹೊರಮೈಗೆ ಕಟ್ಟಿದ ಒಂದು ಬದಲಿ ಪ್ರೊಪೆಲ್ಲರು, ಇವು ಅವಳ ಸರಂಜಾಮು, ರೇಡಿಯೋ ಇರಲಿಲ್ಲ. ವಿಯೆನ್ನ, ಕಾನ್‌ಸ್ಟಾಂಟಿನೋಪಲ್, ಅಲೆಪ್ಪೊ ದಾಟಿ ಬಾಗ್ದಾದಿನ ಹಾದಿಯಲ್ಲಿ ಮರಳುಗಾಳಿಗೆ ಸಿಕ್ಕಿ ಮರುಭೂಮಿಯಲ್ಲಿಯೇ ಇಳಿಯಬೇಕಾಯಿತು. ಗಾಳಿ ಇಳಿಯುವ ತನಕ ವಿಮಾನವನ್ನು ಹಿಡಿದು ಕಾದು, ಮತ್ತೆ ಹಾರಿದಳು. ಆರನೆಯ ದಿನ ಕರಾಚಿ ಮುಟ್ಟಿದಾಗ ಹಿಂಕ್ಲರನಿಗಿಂತ ಎರಡು ದಿನ ಮುಂದಿದ್ದಳು. ಅಲ್ಲಿಯವರೆಗೆ ಲೋಕ ಅವಳನ್ನು ಅಷ್ಟಾಗಿ ಗಮನಿಸಿರಲಿಲ್ಲ. ಅಂದಿನಿಂದ ಪತ್ರಿಕೆಗಳೆಲ್ಲ ಅವಳ ಬೆನ್ನುಹತ್ತಿದುವು.

ನಮ್ಮ ದೇಶದ ನೆಲವು ಅವಳ ಕೈಗೆಲಸವನ್ನು ಪರೀಕ್ಷಿಸಿತು. ಅಲಹಾಬಾದಿಗೆ ಹೊರಟವಳು ಪೆಟ್ರೋಲು ಸಾಲದೆ ಝಾನ್ಸಿಯಲ್ಲಿ ಸೈನಿಕರ ಕವಾಯತು ಮೈದಾನಕ್ಕೆ ಇಳಿದಾಗ ರೆಕ್ಕೆಗೆ ಪೆಟ್ಟಾಯಿತು. ಅದನ್ನು ಸರಿಪಡಿಸಿ, ಕಲ್ಕತ್ತೆಯನ್ನು ಮುಟ್ಟಿ, ಅಂದು ಬ್ರಿಟಿಷ್ ಇಂಡಿಯದಲ್ಲಿಯೇ ಸೇರಿದ್ದ ಬರ್ಮಾ ದೇಶದ ಕಡೆಗೆ ನಡೆದಳು. ಮಳೆಯ ಮುಸುಕಿನಲ್ಲಿ ರಂಗೂನಿನ ಕುದುರೆ ಪಂದ್ಯದ ಬಯಲು ಕಾಣದೆ, ಇನ್ಸೀನಿನ ತಾಂತ್ರಿಕ ವಿದ್ಯಾಸಂಸ್ಥೆಯ ಆಟದ ಮೈದಾನಕ್ಕೆ ಇಳಿದ ವಿಮಾನವು ಹಳ್ಳಕ್ಕೆ ಮುಗ್ಗರಿಸಿತು. ಪ್ರೊಪೆಲ್ಲರು ಮುರಿಯಿತು, ರೆಕ್ಕೆ ಹರಿಯಿತು, ಗಾಲಿಗಳ ಆಧಾರ ಜಖಂಗೊಂಡಿತು. ಆಗ ಆ ಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಅವಳೊಡನೆ ದುರಸ್ತಿಗೆ ನಿಂತರು. ರೆಕ್ಕೆಗೆ ಹೊದಿಸಲು ಬಟ್ಟೆಯಿಲ್ಲವೆಂದಾಗ, ಮಹಾಯುದ್ಧದಲ್ಲಿ ಉಳಿದ ವಿಮಾನದ ಬಟ್ಟೆಯಿಂದ ಹೊಲಿದಿದ್ದ ಅಂಗಿಗಳನ್ನು ತಂದುಕೊಟ್ಟರಂತೆ. ಹ್ಯಾಂಗರಿನಲ್ಲಿ ಕೈ ಮಸಿ ಮಾಡಿಕೊಂಡಿದ್ದ ಬೆಳಗುಗಳು ಇಲ್ಲಿ ಫಲಿಸಿದುವು. ಏನು ಮುರಿದಿದೆ, ಏನು ಆದರೆ ಹಾರಬಹುದು ಎಂಬುದನ್ನು ಅವಳೇ ಬಲ್ಲವಳಾಗಿದ್ದಳು.

ಈ ದುರಸ್ತಿಯಲ್ಲಿ ದಿನಗಳು ಕಳೆದು ಹಿಂಕ್ಲರನ ದಾಖಲೆ ಕೈತಪ್ಪಿತು. ಬ್ಯಾಂಕಾಕ್, ಸಿಂಗಪುರಗಳನ್ನು ದಾಟಿ, ಜಾವಾದಲ್ಲಿ ಬಿದಿರಿನ ಗೂಟಗಳಿಗೆ ತಗಲಿ ರೆಕ್ಕೆ ತೂತಾದಾಗ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯಿಂದಲೇ ಅದನ್ನು ಮುಚ್ಚಿ, ತಿಮೋರ್ ಸಮುದ್ರವನ್ನು ಹಾದು, ಮೇ 24ರಂದು ಆಸ್ಟ್ರೇಲಿಯದ ಡಾರ್ವಿನ್ ಪಟ್ಟಣದಲ್ಲಿ ಇಳಿದಳು. ಸುಮಾರು 11,000 ಮೈಲಿಗಳು; ಹತ್ತೊಂಬತ್ತೂವರೆ ದಿನಗಳು. ದಾಖಲೆ ಮುರಿಯದಿದ್ದರೂ, ಆ ದಾರಿಯನ್ನು ಒಂಟಿಯಾಗಿ ಕ್ರಮಿಸಿದ ಮೊದಲ ಮಹಿಳೆ ಅವಳೇ. ರಾಜಗೌರವವೂ, ಒಂದು ಪತ್ರಿಕೆಯಿಂದ 10,000 ಪೌಂಡಿನ ಕೊಡುಗೆಯೂ ಒದಗಿದುವು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1931ರಲ್ಲಿ ಅವಳು ಮಾಸ್ಕೋ ಮಾರ್ಗವಾಗಿ ಜಪಾನಿನ ಟೋಕಿಯೋಗೆ ಹಾರಿದಳು. ಸಂಗಡ ಕರೆದೊಯ್ದವರು ಮತ್ತಾರೂ ಅಲ್ಲ, ಹ್ಯಾಂಗರಿನ ಗುರು ಹಂಫ್ರೀಸರು. 1932ರಲ್ಲಿ ಜಿಮ್ ಮಾಲಿಸನ್ ಎಂಬ ವೈಮಾನಿಕನನ್ನು ವರಿಸಿ, ಅದೇ ವರ್ಷ ಒಂಟಿಯಾಗಿ ಕೇಪ್ ಟೌನಿಗೆ ಹಾರಿ ಗಂಡನ ದಾಖಲೆಯನ್ನೇ ಮುರಿದಳು. ದಾಂಪತ್ಯ ಬಾಳಲಿಲ್ಲ, 1938ರಲ್ಲಿ ವಿಚ್ಛೇದನವಾಯಿತು. ನಡುವೆ ಕೆಲವು ವರ್ಷ ಮಹಿಳಾ ಇಂಜಿನಿಯರುಗಳ ಸಂಘದ ಅಧ್ಯಕ್ಷೆಯಾಗಿಯೂ ಇದ್ದಳು. ಎರಡನೆಯ ಮಹಾಯುದ್ಧ ಬಂದಾಗ, ಕಾರ್ಖಾನೆ ಮತ್ತು ವಿಮಾನದಳದ ನೆಲೆಗಳ ನಡುವೆ ವಿಮಾನಗಳನ್ನು ತಲಪಿಸುವ ಸೇವೆಗೆ 1940ರಲ್ಲಿ ಸೇರಿದಳು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡ್ ಸಮೀಪದ ನೆಲೆಗೆ ವಿಮಾನ ಒಯ್ಯುತ್ತಿದ್ದಾಗ ದಟ್ಟ ಮೋಡಗಳಲ್ಲಿ ದಾರಿತಪ್ಪಿ, ಥೇಮ್ಸ್ ನದಿ ಕಡಲು ಸೇರುವೆಡೆ ಹಿಮಶೀತಲ ನೀರಿಗೆ ಬಿದ್ದಳು. ಅವಳನ್ನು ಉಳಿಸಲೆಂದು ನೌಕಾಪಡೆಯ ಅಧಿಕಾರಿ ವಾಲ್ಟರ್ ಫ್ಲೆಚರ್ ನೀರಿಗೆ ಧುಮುಕಿ ತಾವೂ ಪ್ರಾಣವನ್ನು ನೀಗಿದರು. ಏಮಿಯ ದೇಹವು ದೊರೆಯಲೇ ಇಲ್ಲ. ಆಗ ಅವಳಿಗೆ ಮೂವತ್ತೇಳು ವರ್ಷ. ಜೇಸನ್ ವಿಮಾನವು ಲಂಡನ್ನಿನ ವಿಜ್ಞಾನ ಸಂಗ್ರಹಾಲಯವನ್ನು ಸೇರಿತು.

ವಿಮಾನ ನಡೆಸಬೇಕೆಂಬ ಆಸೆಯನ್ನು ನಮ್ಮ ಶಾಲೆಯ ಮಕ್ಕಳೂ ಪ್ರಬಂಧಗಳಲ್ಲಿ ಬರೆಯುವುದುಂಟು. ಅದು ಉಳ್ಳವರ ವಿದ್ಯೆಯೆಂದು ಕೊನೆಯ ಸಾಲಿನಲ್ಲಿ ತಾವೇ ಅಳಿಸಿಹಾಕುವುದೂ ಉಂಟು. ವೆಚ್ಚವು ದೊಡ್ಡದೆಂಬ ಮಾತು ದಿಟ. ಆದರೆ ಎಂದಾದರೂ ಇವರಲ್ಲೊಬ್ಬರು ಹಾರಾಟದ ಕ್ಲಬ್ಬೊಂದರ ಬಾಗಿಲಿಗೆ ಹೋಗುವ ದಿನ ಬಂದರೆ, ಏಮಿಯ ಬಾಳಿನಿಂದ ಕೆಲವು ಪ್ರಶ್ನೆಗಳನ್ನು ಕೊಂಡೊಯ್ಯಲಿ. ಗಂಟೆಯ ದರವೆಷ್ಟು, ಅದರ ಹೊರಗಿನ ವೆಚ್ಚವೆಷ್ಟು? ಹಾರಲು ಯೋಗ್ಯವಾಗಿ ನಿಂತಿರುವ ವಿಮಾನಗಳೆಷ್ಟು? ತಡವಾಗಿ ಕಲಿಯುವವನನ್ನು ಶಿಕ್ಷಕರು ತಾಳ್ಮೆಯಿಂದ ಕಾಣುವರೇ? ಹ್ಯಾಂಗರಿನೊಳಗೆ ನಿಂತು ಯಂತ್ರವನ್ನು ಮುಟ್ಟಿ ನೋಡಲು ಬಿಡುವರೇ? ಹಾರಾಟಕ್ಕಷ್ಟೇ ಏಕೆ, ಯಾವ ವಿದ್ಯೆಯ ಮನೆಯನ್ನು ಆರಿಸುವಾಗಲೂ ಕೇಳಬೇಕಾದ ಪ್ರಶ್ನೆಗಳಿವು. ಹೆಬ್ಬಾಗಿಲಿನ ಅಂದಕ್ಕಿಂತ ಒಳಗಿನ ಕೆಲಸವನ್ನು ನೋಡಿ ಆರಿಸುವ ವಿವೇಕವು ನಮ್ಮ ಮಕ್ಕಳಿಗೆ ಒದಗಲೆಂದು ಹಾರೈಸುತ್ತೇವೆ.